ಆದಮೇಲೆ ಹೇಳುವ ಮಗು

"ಮಗನಿಗೆ ಎರಡೂವರೆ ವರ್ಷ ಆಯ್ತು ಮೇಡಂ. ಚಡ್ಡಿಯಲ್ಲೇ ಎಲ್ಲ ಮುಗಿಸಿ, ಆಮೇಲೆ ಬಂದು 'ಅಮ್ಮಾ, ಸುಸ್ಸು ಆಯ್ತು' ಅಂತಾನೆ. ಮೊದಲೇ ಹೇಳೋ ಅಂತ ಬೈದರೂ ಅಷ್ಟೇ, ಮುದ್ದು ಮಾಡಿದರೂ ಅಷ್ಟೇ. ಜೂನ್‌ನಲ್ಲಿ ಶಾಲೆಗೆ ಸೇರಿಸಬೇಕು. ಏನು ಮಾಡಲಿ?"

ಬೇಸಿಗೆ ಕಾಲಿಟ್ಟರೆ ಸಾಕು, ಇಂಥ ಪತ್ರಗಳು ಒಂದರ ಹಿಂದೆ ಒಂದು ಬರುತ್ತವೆ. ಒಮ್ಮೆ ಬರೆದವರು ದಾವಣಗೆರೆಯ ಅಜ್ಜಿ, ಇನ್ನೊಮ್ಮೆ ಬೆಂಗಳೂರಿನ ತಂದೆ, ಮತ್ತೊಮ್ಮೆ ದುಬೈಯಲ್ಲಿ ಸಂಸಾರ ಹೂಡಿರುವ ಕುಂದಾಪುರದ ಹೆಣ್ಣುಮಗಳು. ಎಲ್ಲರಿಗೂ ನಾನು ಮೊದಲು ಬರೆಯುವ ಸಾಲು ಒಂದೇ. ನಿಮ್ಮ ಮಗು ಆದಮೇಲಾದರೂ ಬಂದು ಹೇಳುತ್ತಿದೆಯಲ್ಲ, ಕಲಿಕೆ ಆಗಲೇ ಶುರುವಾಗಿದೆ. ದಯವಿಟ್ಟು ಅದಕ್ಕೆ ಬೈಯಬೇಡಿ.

ಸಮಾಧಾನಕ್ಕೆಂದು ಬರೆಯುವ ಸಾಲಲ್ಲ ಇದು. ಹುಟ್ಟಿದ ಕೂಸಿನ ಮೂತ್ರಕೋಶ ತುಂಬಿದಾಗ ತಾನಾಗಿ ಖಾಲಿಯಾಗುತ್ತದೆ, ಅಲ್ಲಿ ಕೂಸಿನ ಇಷ್ಟಾನಿಷ್ಟದ ಮಾತೇ ಇಲ್ಲ. ನಮ್ಮ ದೇಹದಲ್ಲಿ ಮೂತ್ರದ ದಾರಿಗೆ ಎರಡು ಬಾಗಿಲುಗಳಿವೆ. ಒಳಗಿನದು ನಮ್ಮ ಮಾತು ಕೇಳುವುದಿಲ್ಲ, ಹೊರಗಿನದು ಕೇಳುತ್ತದೆ. ಆ ಹೊರಬಾಗಿಲನ್ನು ಬೇಕೆಂದಾಗ ಬಿಗಿಹಿಡಿದು, ಬೇಕೆಂದಾಗ ಸಡಿಲಿಸುವಷ್ಟು ನರಗಳು ಬಲಿಯಲು ಸಾಮಾನ್ಯವಾಗಿ ಒಂದೂವರೆಯಿಂದ ಎರಡು ವರ್ಷ ಬೇಕು, ಕೆಲವು ಮಕ್ಕಳಿಗೆ ಇನ್ನೂ ಹೆಚ್ಚು. ಎರಡು ವರ್ಷದ ಮಗುವಿನ ಮೂತ್ರಕೋಶದಲ್ಲಿ ಹಿಡಿಯುವುದು ಸುಮಾರು 120 ಮಿಲಿಲೀಟರ್, ಮನೆಯ ಸಣ್ಣ ಕಾಫಿ ಲೋಟದಷ್ಟು. ಅದು ತುಂಬುತ್ತಿದೆ ಎಂಬ ಸುಳಿವು ಮಗುವಿಗೆ ಒಂದೇ ದಿನ ತಿಳಿಯುವುದಿಲ್ಲ. ಮೊದಲು ಗೊತ್ತಾಗುವುದು ಒದ್ದೆ: ಏನೋ ಆಗಿಹೋಯಿತು. ಆಗ ಮಗು 'ಆಯ್ತು' ಅನ್ನುತ್ತದೆ. ಕೆಲವು ವಾರ ಕಳೆದ ಮೇಲೆ, ಆಗುತ್ತಿರುವಾಗಲೇ ಗೊತ್ತಾಗುತ್ತದೆ. ಆಡುತ್ತಿದ್ದದ್ದು ಗಕ್ಕನೆ ನಿಂತು, ಕಾಲು ಅಗಲಿಸಿ ಕೆಳಗೆ ನೋಡಿಕೊಂಡು 'ಆಗ್ತಿದೆ' ಅನ್ನುತ್ತದೆ. ಎಲ್ಲಕ್ಕಿಂತ ಕೊನೆಗೆ, ಹೊಟ್ಟೆಯೊಳಗಿನ ಒತ್ತಡವೇ ಸುದ್ದಿಯಾಗಿ ತಲುಪಿದಾಗ, 'ಬರ್ತಿದೆ' ಅನ್ನುತ್ತದೆ. ಭೂತ, ವರ್ತಮಾನ, ಭವಿಷ್ಯತ್ತು ಎಂದು ನಾವು ಶಾಲೆಯಲ್ಲಿ ಕಲಿತ ಮೂರು ಕಾಲಗಳನ್ನು ಮಗು ತನ್ನ ಮೈಯಲ್ಲಿ ಹೀಗೆ ಒಂದೊಂದಾಗಿ ಕಲಿಯುತ್ತದೆ. ಭೂತಕಾಲದಲ್ಲಿರುವ ಮಗುವನ್ನು 'ಆದಮೇಲೆ ಹೇಳಿದರೆ ಏನು ಬಂತು?' ಎಂದು ಗದರಿಸಿದರೆ, ಅದು ಇಟ್ಟ ಮೊದಲ ಹೆಜ್ಜೆಗೇ ಪೆಟ್ಟು ಕೊಟ್ಟ ಹಾಗಾಗುತ್ತದೆ. ನಾಳೆಯಿಂದ ಅದು ಆದಮೇಲೂ ಹೇಳುವುದಿಲ್ಲ.

ನನಗೆ ಇದು ಪುಸ್ತಕ ಓದಿ ತಿಳಿದದ್ದಲ್ಲ. ಮಗನಿಗೆ ನೋವು ಕೊಟ್ಟು ತಿಳಿದದ್ದು.

ದೊಡ್ಡವಳು ಮಗಳು. ಅವಳು ಎರಡು ವರ್ಷ ತುಂಬುವ ಮೊದಲೇ ಒಂದು ಮಧ್ಯಾಹ್ನ ಡೈಪರನ್ನು ತಾನೇ ಬಿಚ್ಚಿ ಎಸೆದು, ಬಚ್ಚಲಿಗೆ ನಡೆದುಹೋಗಿ ಕೂತಳು. ಅಲ್ಲಿಗೆ ಮುಗಿಯಿತು. ನಾನು ಚೆನ್ನಾಗಿ ಕಲಿಸಿದೆ ಎಂದೇ ಅಂದುಕೊಂಡೆ, ನಾಲ್ಕು ಜನರೂ ಹಾಗೇ ಅಂದರು. ನಾಲ್ಕು ವರ್ಷದ ನಂತರ ಮಗ ಹುಟ್ಟಿದ. ಅವನಿಗೆ ಎರಡು ವರ್ಷ ಐದು ತಿಂಗಳಾಗಿದ್ದಾಗ ಮನೆ ಹತ್ತಿರದ ಪ್ಲೇಹೋಮ್ ಒಂದರಲ್ಲಿ ಅರ್ಜಿ ತಂದೆವು. ಅದರಲ್ಲಿ 'ಪಾಟಿ ಟ್ರೇನಿಂಗ್ ಆಗಿದೆಯೇ?' ಎಂಬ ಕಾಲಂ. ಇಲ್ಲ ಎಂದು ಬರೆದದ್ದಕ್ಕೆ, ಜೂನ್ ಒಂದರೊಳಗೆ ಆಗಬೇಕು, ಇಲ್ಲದಿದ್ದರೆ ಸೀಟು ಬೇರೆಯವರಿಗೆ ಎಂದರು. ಇದ್ದದ್ದು ಮೂರು ವಾರ.

ಗೆಳತಿಯೊಬ್ಬಳು ಮೂರು ದಿನದಲ್ಲಿ ಮುಗಿಸುವ ವಿಧಾನ ಹೇಳಿದಳು. ಶುಕ್ರವಾರ ಬೆಳಿಗ್ಗೆ ಡೈಪರ್ ತೆಗೆದು ಬೀಗ ಹಾಕಿಟ್ಟೆವು. ಇಪ್ಪತ್ತು ನಿಮಿಷಕ್ಕೊಮ್ಮೆ ಕರೆದೊಯ್ದು ಕೂರಿಸುವುದು, 'ಬಂತಾ? ಬಂತಾ?' ಎಂದು ಕೇಳುವುದು. ಬಂದರೆ ಚಪ್ಪಾಳೆ, ಚಾಕೊಲೇಟು. ಬಾರದಿದ್ದರೆ ಮೌನ. ಆ ಮೌನ ಮಗುವಿಗೆ ಬೈಗುಳಕ್ಕಿಂತ ಕಡಿಮೆಯದೇನಲ್ಲ ಎಂದು ಈಗ ಅನ್ನಿಸುತ್ತದೆ. ಶನಿವಾರ ಸಂಜೆ ಅವನು ಹಾಸಿದ ಚಾಪೆಯ ಮೇಲೆ ಮಾಡಿಕೊಂಡ. ನಾನು ಬೈದೆ. ಭಾನುವಾರ ಬಚ್ಚಲಿನ ಬಾಗಿಲು ಕಂಡರೇ ಅಳುತ್ತಿದ್ದ.

ಸುಸ್ಸು ಹೇಗೋ ಹಾದಿಗೆ ಬಂತು. ಕಕ್ಕ ನಿಂತುಹೋಯಿತು. ಎರಡು ದಿನ, ಮೂರು ದಿನ, ಐದು ದಿನ. ಹಾಲ್‌ನ ಕಿಟಕಿಗೆ ನೆಲಮುಟ್ಟುವ ನೀಲಿ ಪರದೆ ಇತ್ತು. ಅವನು ಅದರ ಹಿಂದೆ ಹೋಗಿ ನಿಲ್ಲತೊಡಗಿದ. ಪರದೆಯ ಕೆಳಗೆ ಎರಡು ಪಾದ ಮಾತ್ರ ಕಾಣುತ್ತಿದ್ದವು. ಹಿಮ್ಮಡಿ ಎತ್ತಿ, ಬೆರಳ ತುದಿಯಲ್ಲಿ ನಿಂತ ಪಾದಗಳು, ಒಂದರ ಮೇಲೊಂದು ಹೆಣೆದುಕೊಂಡು. ಪರದೆ ಸರಿಸಿದರೆ ಮುಖ ಕೆಂಪಾಗಿ, ಹಣೆಯಲ್ಲಿ ಬೆವರು, ಕಿಟಕಿಯ ಸರಳನ್ನು ಹಿಡಿದುಕೊಂಡ ಕೈ ನಡುಗುತ್ತಿತ್ತು. 'ಪಾಪ, ಎಷ್ಟು ತಿಣುಕುತ್ತಿದೆ, ಬರುತ್ತಿಲ್ಲ' ಎಂದುಕೊಂಡು ನಾನು ಬೆನ್ನು ಸವರುತ್ತಿದ್ದೆ.

ಮಕ್ಕಳ ವೈದ್ಯರ ಹತ್ತಿರ ಕರೆದೊಯ್ದಾಗ ಅವರು ಅವನನ್ನು ಮಲಗಿಸಿ, ನನ್ನ ಎರಡು ಬೆರಳು ಹಿಡಿದು ಅವನ ಕಿಬ್ಬೊಟ್ಟೆಯ ಎಡಭಾಗದಲ್ಲಿ ಇಟ್ಟರು. ಸಣ್ಣ ಆಲೂಗಡ್ಡೆಯಂಥ ಗಟ್ಟಿ ಉಂಡೆ ಬೆರಳಿಗೆ ಸಿಕ್ಕಿತು. "ಅವನು ತಿಣುಕುತ್ತಿದ್ದಾನೆ ಅಂದುಕೊಂಡಿದ್ದೀರಿ ಅಲ್ವಾ? ಅವನು ತಿಣುಕುತ್ತಿಲ್ಲ ಅಮ್ಮಾ, ತಡೀತಿದ್ದಾನೆ" ಎಂದರು.

ಪತ್ರ ಬರೆಯುವವರಲ್ಲಿ ಅನೇಕರು ಈ ಹಂತದಲ್ಲೇ ಸಿಕ್ಕಿಕೊಂಡಿರುತ್ತಾರೆ. ಹಾಗಾಗಿ ಒಳಗೆ ನಡೆಯುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಒಂದು ದಿನ ಮಲ ಗಟ್ಟಿಯಾಗಿ ಬರುತ್ತದೆ, ನೋವಾಗುತ್ತದೆ. ಅಥವಾ ನೋವಿನ ಬದಲು ಭಯ, ಅವಮಾನ, ಒತ್ತಾಯ. ಮಗು ಮರುದಿನ ಬಿಗಿಹಿಡಿಯುತ್ತದೆ. ಒಳಗೆ ಉಳಿದ ಮಲದ ನೀರನ್ನು ದೊಡ್ಡ ಕರುಳು ಹೀರಿಕೊಳ್ಳುತ್ತಲೇ ಇರುತ್ತದೆ, ಅದು ಇನ್ನಷ್ಟು ಗಟ್ಟಿಯಾಗುತ್ತದೆ. ಮುಂದಿನ ಸಲ ಇನ್ನೂ ಹೆಚ್ಚು ನೋವು, ಇನ್ನೂ ಹೆಚ್ಚು ಬಿಗಿ. ವಾರಗಟ್ಟಲೆ ಹೀಗಾದರೆ ಗುದನಾಳ ಹಿಗ್ಗಿ, 'ಬಂತು' ಎಂಬ ಸುಳಿವೇ ಮಂಕಾಗುತ್ತದೆ. ಆಮೇಲೆ ಗಟ್ಟಿ ಉಂಡೆಯ ಪಕ್ಕದಿಂದ ನೀರಾದ ಮಲ ಸೋರಿ ಚಡ್ಡಿಗೆ ಹತ್ತುತ್ತದೆ. ತಾಯಿ ನೋಡಿ ಭೇದಿ ಎಂದುಕೊಂಡು ಭೇದಿಯ ಔಷಧ ಕೊಡುತ್ತಾಳೆ. ಇಲ್ಲವೇ ಬೇಕೆಂದೇ ಚಡ್ಡಿ ಕೊಳೆ ಮಾಡಿಕೊಂಡ ಎಂದು ಬೆನ್ನಿಗೆ ಎರಡು ಏಟು. ಅದು ಸೋರಿದ್ದು ಮಗುವಿಗೆ ತಿಳಿದೂ ಇರುವುದಿಲ್ಲ. ಅಮೆರಿಕದಲ್ಲಿ 1997ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಸುಮಾರು ಐದರಲ್ಲಿ ಒಂದು ಮಗು ಸುಸ್ಸುವಿಗೆ ಒಗ್ಗಿಕೊಂಡ ಮೇಲೂ ಕಕ್ಕಕ್ಕೆ ಮಾತ್ರ ಒಂದು ತಿಂಗಳು ಅಥವಾ ಅದಕ್ಕೂ ಹೆಚ್ಚು ಕಾಲ ಒಪ್ಪಿರಲಿಲ್ಲ. ನಮ್ಮ ಮನೆಯ ಪರದೆಯ ಹಿಂದೆ ನಿಂತಿದ್ದವನಿಗೆ ಜೊತೆಗಾರರು ಬಹಳ ಮಂದಿ ಇದ್ದರು. ಆಗ ನನಗದು ಗೊತ್ತಿರಲಿಲ್ಲ.

ವೈದ್ಯರು ಮಲ ಮೆತ್ತಗಾಗುವ ಸಿರಪ್ ಬರೆದುಕೊಟ್ಟರು. ಎರಡು ದಿನ ಸರಿಹೋಯಿತೆಂದು ನಿಲ್ಲಿಸಬೇಡಿ, ತಿಂಗಳುಗಟ್ಟಲೆ ಕೊಡಬೇಕಾಗಬಹುದು, ಹಿಗ್ಗಿದ್ದು ಮೊದಲಿನಂತಾಗಲು ಅಷ್ಟು ಕಾಲ ಬೇಕು ಎಂದರು. ದಿನಕ್ಕೆ ಮೂರು ಬಾಟಲಿ ಹಾಲು ಕುಡಿಯುತ್ತಿದ್ದ, ಅದನ್ನು ಅರ್ಧ ಲೀಟರಿಗೆ ಇಳಿಸಿ, ನೆನೆಸಿದ ಒಣದ್ರಾಕ್ಷಿ, ಪಪ್ಪಾಯಿ, ಸೊಪ್ಪು, ನೀರು ಹೆಚ್ಚು ಮಾಡಿ ಎಂದರು. ಇಷ್ಟನ್ನು ನಾನು ನಿರೀಕ್ಷಿಸಿದ್ದೆ. ಮುಂದಿನದನ್ನು ನಿರೀಕ್ಷಿಸಿರಲಿಲ್ಲ. "ಇವತ್ತೇ ಡೈಪರ್ ವಾಪಸ್ ಹಾಕಿ. ಎರಡು ತಿಂಗಳು ಮನೆಯಲ್ಲಿ ಯಾರೂ ಅವನನ್ನು 'ಬಂತಾ' ಅಂತ ಕೇಳಬಾರದು."

ಡೈಪರ್ ವಾಪಸ್ ಹಾಕುವುದೆಂದರೆ ಸೋತ ಹಾಗೆ ಎಂದು ನನ್ನ ಮನಸ್ಸು ಹೇಳುತ್ತಿತ್ತು. ಅಷ್ಟರಲ್ಲಿ ಧಾರವಾಡದಿಂದ ಅವ್ವ ಬಂದಳು. ಎಲ್ಲ ಕೇಳಿ, ಪರದೆಯ ಹಿಂದಿನ ಪಾದಗಳನ್ನು ತಾನೂ ಒಮ್ಮೆ ನೋಡಿ, "ನೋಡವಾ, ಕೂಸು ಹೇಳಾಕತ್ತದ. ನಿಮಗ ಕೇಳಿಸವಲ್ದು ಅಷ್ಟ" ಎಂದಳು.

ಅವನು ಹೇಳುತ್ತಿದ್ದದ್ದು ಸ್ಪಷ್ಟವಾಗಿಯೇ ಇತ್ತು. ನನಗೆ ಬರುತ್ತಿರುವುದು ನನಗೆ ಗೊತ್ತಾಗುತ್ತಿದೆ, ಅದಕ್ಕೊಂದು ಜಾಗ ಬೇಕೆಂದೂ ಗೊತ್ತಾಗಿದೆ, ನಿಮ್ಮ ಕಣ್ಣೆದುರು ಬೇಡ. ಬಾಗಿಲ ಮರೆ, ಮಂಚದ ಹಿಂದೆ, ಪರದೆಯ ಸಂದು ಹುಡುಕಿಕೊಂಡು ಹೋಗುವ ಮಗು ಸಿದ್ಧವಾಗುತ್ತಿದೆ ಎಂದೇ ಅರ್ಥ. ನಾವು ಅದನ್ನು ಹಠ ಎಂದು ಓದಿಕೊಂಡಿದ್ದೆವು.

ಮುಂದಿನದು ಪರದೆಯಿಂದ ಬಚ್ಚಲಿನವರೆಗಿನ ಹದಿನೈದು ಅಡಿಯ ಪ್ರಯಾಣ. ಅದಕ್ಕೆ ಹಿಡಿದದ್ದು ಏಳು ತಿಂಗಳು. ಮೊದಲು ಡೈಪರ್ ಹಾಕಿಕೊಂಡು ಪರದೆಯ ಹಿಂದೆಯೇ ಮಾಡಲು ಬಿಟ್ಟೆವು, ಯಾರೂ ಹತ್ತಿರ ಹೋಗಲಿಲ್ಲ. ಮಲ ಮೆತ್ತಗಾಗಿ ನೋವು ಮರೆತ ಮೇಲೆ, "ಅಲ್ಲಿ ಗಾಳಿ ಚೊಲೋ ಬರ್ತದ, ಇಲ್ಲಿ ಬಂದು ನಿಲ್ಲು" ಎಂದು ಅವ್ವ ಬಚ್ಚಲಿನ ಬಾಗಿಲ ಬಳಿ ಕರೆದಳು. ಆಮೇಲೆ ಬಚ್ಚಲಿನೊಳಗೆ ನಿಂತುಕೊಂಡು. ಆಮೇಲೆ ಕೆಂಪು ಪಾಟಿಯ ಮೇಲೆ, ಡೈಪರ್ ಸಮೇತ ಕೂತು. ಆ ಹಂತದಲ್ಲಿ ರಾಣೆಬೆನ್ನೂರಿನಲ್ಲಿ ಒಂದು ಮದುವೆಗೆ ಹೋಗಿ ಬಂದೆವು, ಬಂದವನು ಮತ್ತೆ ಸೀದಾ ಪರದೆಯ ಹಿಂದೆ ಹೋಗಿ ನಿಂತ. ಅವ್ವ ಏನೂ ಅನ್ನಲಿಲ್ಲ, ನನಗೂ ಅನ್ನಗೊಡಲಿಲ್ಲ. ಮತ್ತೆ ಬಾಗಿಲು, ಮತ್ತೆ ಬಚ್ಚಲು. ಕೊನೆಗೆ ಡೈಪರಿನ ಪಟ್ಟಿ ಸಡಿಲ ಮಾಡಿ ಕೂರಿಸಿದೆವು. ಮತ್ತೊಂದು ವಾರಕ್ಕೆ ಅವನೇ ಅದನ್ನು ಪಕ್ಕಕ್ಕಿಟ್ಟ. ಆಗ ಅವನಿಗೆ ಮೂರು ವರ್ಷ ಒಂದು ತಿಂಗಳು.

ಆ ಪ್ಲೇಹೋಮಿನ ಸೀಟು ಹೋಯಿತು. ಬೇರೆ ಕಡೆ ಸೇರಿಸಲು ಹೋದಾಗ ನಾನು ಅಂಜುತ್ತಲೇ ವಿಷಯ ಹೇಳಿದೆ. ಅಲ್ಲಿನ ಆಯಾ, "ಮಕ್ಕಳಂದ್ರೆ ಅಷ್ಟೇ ಅಲ್ವಾ ಅಕ್ಕ, ಚೀಲದಲ್ಲಿ ಎರಡು ಚಡ್ಡಿ ಜಾಸ್ತಿ ಇಟ್ಟು ಕಳಿಸಿ" ಎಂದಳು. ಆ ಮಾತಿಗೆ ನನ್ನ ಕಣ್ಣು ತುಂಬಿ ಬಂತು. ಶಾಲೆ ನಡೆಸುವವರ ಕಷ್ಟ ಇಲ್ಲವೆಂದಲ್ಲ. ಇಪ್ಪತ್ತು ಮಕ್ಕಳಿಗೆ ಒಬ್ಬ ಆಯಾ ಇದ್ದರೆ ಅವಳಾದರೂ ಏನು ಮಾಡಿಯಾಳು? ಆದರೆ ಪರಿಹಾರ ಇನ್ನೊಬ್ಬ ಆಯಾಳನ್ನು ಇಟ್ಟುಕೊಳ್ಳುವುದು. ಎರಡೂವರೆ ವರ್ಷದ ಮಗುವಿನ ನರಮಂಡಲಕ್ಕೆ ಜೂನ್ ಒಂದರ ಗಡುವು ಕೊಡುವುದಲ್ಲ.

ಈಗ ಅಜ್ಜಿಯರ ಮಾತಿಗೆ ಬರುತ್ತೇನೆ, ಯಾಕೆಂದರೆ ಪತ್ರಗಳಲ್ಲಿ ಎರಡನೆಯ ದೊಡ್ಡ ಸಂಕಟ ಅದೇ. 'ನಮ್ಮ ಮಕ್ಕಳು ವರ್ಷ ತುಂಬುವುದರೊಳಗೇ ಹೇಳುತ್ತಿದ್ದವು, ಈಗಿನವರಿಗೆ ಮಕ್ಕಳನ್ನು ಬೆಳೆಸುವುದೇ ಗೊತ್ತಿಲ್ಲ' ಎಂದು ಅತ್ತೆ ಅನ್ನುತ್ತಾರೆ, ಸೊಸೆ ಮುದುಡುತ್ತಾಳೆ. ಅತ್ತೆ ಸುಳ್ಳು ಹೇಳುತ್ತಿಲ್ಲ. ನಾನು ಬಾಣಂತಿಯಾಗಿ ಧಾರವಾಡದಲ್ಲಿದ್ದಾಗ ಅವ್ವ ಮೂರು ತಿಂಗಳ ಮಗಳನ್ನು ಹೇಗೆ ಕೂರಿಸುತ್ತಿದ್ದಳೆಂದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಬಚ್ಚಲಲ್ಲಿ ಮಣೆ ಹಾಕಿ ಕೂತು, ಸೀರೆ ಮೊಣಕಾಲಿಗೆ ಸರಿಸಿ, ಕಾಲು ನೀಡಿಕೊಂಡು, ಎರಡು ಪಾದಗಳನ್ನು ಜೋಡಿಸಿ ಅದರ ಮೇಲೆ ಕೂಸನ್ನು ಕೂರಿಸುತ್ತಿದ್ದಳು. ಕೂಸಿನ ಬೆನ್ನು ಅವಳ ಕಾಲಿಗೆ ಒರಗಿರುತ್ತಿತ್ತು. ಎದ್ದ ಕೂಡಲೇ ಒಮ್ಮೆ, ಹಾಲು ಕುಡಿದ ಸ್ವಲ್ಪ ಹೊತ್ತಿಗೆ ಒಮ್ಮೆ. ತುಟಿ ಬಿಗಿದು 'ಸ್ಸ್ಸ್...' ಎಂದು ಒಂದೇ ಉಸಿರಿಗೆ ಸದ್ದು ಮಾಡುತ್ತಿದ್ದಳು, ಕೂಸು ಅವಳ ಬಾಯನ್ನೇ ನೋಡುತ್ತಿತ್ತು. ಅಷ್ಟರಲ್ಲಿ ಕಾಲಮಡಿ ಆಗಿರುತ್ತಿತ್ತು.

ಪೂರ್ವ ಆಫ್ರಿಕಾದ ಡಿಗೊ ಸಮುದಾಯದ ತಾಯಂದಿರ ಬಗ್ಗೆ ಡಿವ್ರೀಸ್ ದಂಪತಿ 1977ರಲ್ಲಿ 'ಪಿಡಿಯಾಟ್ರಿಕ್ಸ್' ಪತ್ರಿಕೆಯಲ್ಲಿ ಬರೆದ ಲೇಖನ ಓದಿದಾಗ ನಾನು ಬೆರಗಾದೆ. ಅಲ್ಲಿಯೂ ತಾಯಿ ನೆಲದ ಮೇಲೆ ಕಾಲು ನೀಡಿ ಕೂತು, ಕೂಸನ್ನು ಕಾಲುಗಳ ನಡುವೆ ಕೂರಿಸಿಕೊಂಡು, ಬಾಯಲ್ಲಿ ಅಂಥದೇ ಸದ್ದು ಮಾಡುತ್ತಾಳೆ. ಹುಟ್ಟಿದ ಕೆಲವೇ ವಾರಗಳಿಗೆ ಶುರು ಮಾಡಿ ಐದಾರು ತಿಂಗಳಿಗೆಲ್ಲ ಕೂಸು ಅದಕ್ಕೆ ಒಗ್ಗುತ್ತದೆ. ಸಮುದ್ರದ ಆಚೆ, ಈಚೆ, ಒಂದೇ ಭಂಗಿ, ಒಂದೇ ಸದ್ದು.

ಇದರಲ್ಲಿ ಒತ್ತಾಯವಿಲ್ಲ ಎಂಬುದನ್ನು ಗಮನಿಸಿ. ಕೂಸು ಮುಖ ಕಿವಿಚಿದ್ದು, ಕಾಲು ಝಾಡಿಸಿದ್ದು, ಹಾಲು ಕುಡಿಯುವುದನ್ನು ತಟ್ಟನೆ ಬಿಟ್ಟದ್ದು, ಇದನ್ನೆಲ್ಲ ಓದುವ ಅಭ್ಯಾಸ ಅವ್ವನಿಗಿತ್ತು. ಹೊತ್ತು ತಿಳಿದು ಎತ್ತಿ ಕೂರಿಸುವುದನ್ನು ಕಲಿತವಳು ದೊಡ್ಡವಳು, ಕೂಸು ಅಲ್ಲ. ತಾನೇ ಹೇಳಿ, ತಾನೇ ಚಡ್ಡಿ ಜಾರಿಸಿ, ತಾನೇ ಹೋಗಿ ಕೂರುವುದು ಬೇರೆ ಕಲಿಕೆ. ಅದು ಆ ಕಾಲದ ಮಕ್ಕಳಿಗೂ ಎರಡೆರಡೂವರೆ ವರ್ಷಕ್ಕೇ ಬರುತ್ತಿತ್ತು ಎಂದು ಅವ್ವನೇ ಒಪ್ಪುತ್ತಾಳೆ. ಜೊತೆಗೆ ಆಗಿನ ಮನೆಯನ್ನೂ ನೆನೆಯಬೇಕು. ಕೂಸು ಬರೀ ಉಡಿದಾರದಲ್ಲಿ ಓಡಾಡುತ್ತಿತ್ತು, ಅಂಗಳವಿತ್ತು, ನೆಲ ಒರೆಸಲು ಹಳೆ ಸೀರೆಯ ತುಂಡುಗಳಿದ್ದವು, ಎತ್ತಿಕೊಳ್ಳಲು ನಾಲ್ಕು ಕೈಗಳಿದ್ದವು. ಒದ್ದೆಯಾದದ್ದು ಕೂಸಿಗೂ ತಿಳಿಯುತ್ತಿತ್ತು, ಮನೆಗೂ ತಿಳಿಯುತ್ತಿತ್ತು. ಈಗಿನ ಡೈಪರ್ ಹನಿ ಬಿದ್ದ ಕೂಡಲೇ ಹೀರಿ ಜೆಲ್ ಮಾಡುತ್ತದೆ, ಮೈಗೆ ಒಣಗಿದಂತೆಯೇ ಇರುತ್ತದೆ. ನಾನು ಮೊದಲು ಹೇಳಿದ 'ಆಯ್ತು' ಎಂಬ ಭೂತಕಾಲವೇ ಆ ಮಗುವಿಗೆ ಸಿಗುವುದಿಲ್ಲ. ಹಾಗೆಂದು ಡೈಪರನ್ನು ದೂರಲಾರೆ. ಬೆಂಗಳೂರಿನಿಂದ ಹುಬ್ಬಳ್ಳಿಗೆ ರಾತ್ರಿ ಬಸ್ಸಿನಲ್ಲಿ ಹೋಗುವ ತಾಯಿಗೆ, ಮಳೆಗಾಲದಲ್ಲಿ ಬಟ್ಟೆ ಒಣಗದ ಎರಡು ಕೋಣೆಯ ಮನೆಗೆ, ಬೆಳಿಗ್ಗೆ ಎಂಟಕ್ಕೆ ಕೆಲಸಕ್ಕೆ ಓಡುವವರಿಗೆ ಅದು ದೊಡ್ಡ ಆಸರೆ. ದಿನದಲ್ಲಿ ಎರಡು ಗಂಟೆ, ರಜೆಯ ದಿನ ನಾಲ್ಕು ಗಂಟೆ ಬರೀ ಹತ್ತಿ ಚಡ್ಡಿಯಲ್ಲಿ ಬಿಟ್ಟರೂ ಸಾಕು, ಮಗುವಿಗೆ ತನ್ನ ಮೈಯ ಪರಿಚಯವಾಗತೊಡಗುತ್ತದೆ.

'ಮಗುವಿನ ವೇಗ' ಎಂಬ ಮಾತು ವೈದ್ಯಲೋಕದಲ್ಲಿ ಬೇರೂರಿದ್ದು ಬಾಸ್ಟನ್ ಕಡೆಯ ಮಕ್ಕಳ ವೈದ್ಯ ಟಿ. ಬೆರಿ ಬ್ರೇಜಲ್ಟನ್ ಅವರಿಂದ. ಅದಕ್ಕೂ ಮುಂಚೆ ಅಮೆರಿಕದಲ್ಲಿ ಸರ್ಕಾರವೇ ತಾಯಂದಿರಿಗೆ ಹಂಚುತ್ತಿದ್ದ ಕೈಪಿಡಿಗಳು ಕೆಲವೇ ತಿಂಗಳ ಕೂಸನ್ನೂ ಗಡಿಯಾರ ನೋಡಿ ಕೂರಿಸಬೇಕೆನ್ನುತ್ತಿದ್ದ ಕಾಲವೊಂದಿತ್ತು. ಬ್ರೇಜಲ್ಟನ್ ತಮ್ಮ ಬಳಿ ಬರುತ್ತಿದ್ದ 1,170 ಮಕ್ಕಳ ಹತ್ತು ವರ್ಷಗಳ ದಾಖಲೆ ಇಟ್ಟುಕೊಂಡು 1962ರಲ್ಲಿ ಒಂದು ಲೇಖನ ಬರೆದರು. ಮಗು ಆಸಕ್ತಿ ತೋರಿದಾಗ ಶುರು ಮಾಡಿ, ಬೇಡವೆಂದರೆ ನಿಲ್ಲಿಸಿ, ಮತ್ತೆ ಕೆಲವು ವಾರ ಬಿಟ್ಟು ನೋಡಿ ಎಂಬುದು ಅವರ ಸಲಹೆ. ಆ ಮಕ್ಕಳು ಹಗಲಿನ ಹಿಡಿತ ಸಾಧಿಸಿದ ಸರಾಸರಿ ವಯಸ್ಸು 28 ತಿಂಗಳು ದಾಟಿತ್ತು. 1974ರಲ್ಲಿ ಆಜ್ರಿನ್ ಮತ್ತು ಫಾಕ್ಸ್ ಎಂಬ ಮನಶ್ಶಾಸ್ತ್ರಜ್ಞರು ಒಂದು ದಿನದೊಳಗೇ ಕಲಿಸಬಹುದೆಂದು ಪುಸ್ತಕ ಬರೆದರು, ಅದು ಲಕ್ಷಗಟ್ಟಲೆ ಮಾರಾಟವಾಯಿತು. ನನ್ನ ಗೆಳತಿ ಹೇಳಿದ ಮೂರು ದಿನದ ವಿಧಾನವೂ ಆ ಜಾಡಿನದೇ. 1990ರ ದಶಕದ ಕೊನೆಯಲ್ಲಿ ಬ್ರೇಜಲ್ಟನ್ ಡೈಪರ್ ಜಾಹೀರಾತಿನಲ್ಲಿ ಕಾಣಿಸಿಕೊಂಡಾಗ ಅವರ 'ಕಾಯಿರಿ' ಎಂಬ ಮಾತಿನ ಬಗ್ಗೆಯೇ ಅನುಮಾನ ಎದ್ದಿತು. ಆ ಅನುಮಾನ ಸಹಜ. ಕಾಯುವುದೆಂದರೆ ಇನ್ನೊಂದು ಪ್ಯಾಕೆಟ್ ಡೈಪರ್ ಕೊಳ್ಳುವುದು ಎಂದಷ್ಟೇ ಅರ್ಥ ಮಾಡಿಕೊಂಡರೆ ಮಗುವಿಗೇನೂ ಉಪಕಾರವಿಲ್ಲ. ಕಾಯುವವರು ನೋಡುತ್ತಲೂ ಇರಬೇಕು.

ಏನನ್ನು ನೋಡಬೇಕು? ಎರಡು ಗಂಟೆ ಚಡ್ಡಿ ಒಣಗಿರುತ್ತದೆಯೇ, ಮಧ್ಯಾಹ್ನದ ನಿದ್ದೆಯಿಂದ ಒಣಗಿ ಏಳುತ್ತದೆಯೇ, ಒದ್ದೆಯಾದರೆ ಕಿರಿಕಿರಿಪಡುತ್ತದೆಯೇ, ಮೂಲೆ ಹುಡುಕುತ್ತದೆಯೇ, 'ಆ ಚೆಂಡು ತಂದು ಅಪ್ಪನಿಗೆ ಕೊಡು' ಎಂಬಂಥ ಎರಡು ಮೆಟ್ಟಿಲಿನ ಮಾತು ತಿಳಿಯುತ್ತದೆಯೇ, ಚಡ್ಡಿ ತಾನೇ ಜಾರಿಸಬಲ್ಲದೇ. ಎಲ್ಲವೂ ಒಟ್ಟಿಗೆ ಬರಬೇಕೆಂದಿಲ್ಲ. ಎರಡು ಮೂರು ಕಂಡರೆ ಮೆಲ್ಲಗೆ ಶುರು ಮಾಡಬಹುದು. ಬಹಳ ಬೇಗ ಶುರು ಮಾಡಿದರೆ ಕಾಲ ಉಳಿಯುತ್ತದೆ ಎಂಬುದೂ ಅಷ್ಟು ನಿಜವಲ್ಲ. ಫಿಲಡೆಲ್ಫಿಯಾ ಕಡೆಯ ವೈದ್ಯರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 27 ತಿಂಗಳಿಗೆ ಮೊದಲೇ ದಿನಕ್ಕೆ ಮೂರಕ್ಕಿಂತ ಹೆಚ್ಚು ಸಲ ಕೇಳಿ ಕೇಳಿ ಕಲಿಸಿದ್ದರಿಂದ ಹೆಚ್ಚಿನ ಲಾಭ ಕಾಣಲಿಲ್ಲ, ಕಲಿಕೆಯ ಅವಧಿ ಮಾತ್ರ ಉದ್ದವಾಯಿತು. ಅದೇ ತಿಂಗಳಲ್ಲಿ ಮನೆ ಬದಲಾಯಿಸುವುದಿದ್ದರೆ, ತಮ್ಮನೋ ತಂಗಿಯೋ ಹುಟ್ಟಿದ್ದರೆ, ಜ್ವರ ಬಂದು ಎದ್ದಿದ್ದರೆ ಬಿಟ್ಟುಬಿಡಿ, ಮುಂದಿನ ತಿಂಗಳು ಇದ್ದೇ ಇದೆ.

ಕೂರುವ ರೀತಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ದೊಡ್ಡವರ ಕಮೋಡಿನ ಮೇಲೆ ಕೂರಿಸಿದ ಮಗುವಿನ ಕಾಲು ಗಾಳಿಯಲ್ಲಿ ತೂಗಾಡುತ್ತಿರುತ್ತದೆ, ಒಳಗೆ ಬೀಳುವ ಭಯಕ್ಕೆ ಕೈಗಳು ಅಂಚನ್ನು ಹಿಡಿದಿರುತ್ತವೆ. ಮೈ ಇಡೀ ಬಿಗಿಯಾಗಿರುವಾಗ ಆ ಒಂದು ಬಾಗಿಲು ಮಾತ್ರ ಸಡಿಲವಾಗಲಿ ಎಂದರೆ ಹೇಗಾದೀತು? ಕುಕ್ಕರುಗಾಲಿನಲ್ಲಿ ಕೂತಾಗ ಗುದನಾಳದ ಬಾಗು ನೇರವಾಗುತ್ತದೆ, ತಿಣುಕುವ ಕೆಲಸ ಕಡಿಮೆ. ನೆಲಕ್ಕೆ ಪಾದ ತಾಗುವ ಪುಟ್ಟ ಪಾಟಿ ಒಳ್ಳೆಯದು. ಕಮೋಡೇ ಆಗಬೇಕೆಂದರೆ ಮೇಲೆ ಸಣ್ಣ ಸೀಟು, ಕಾಲ ಕೆಳಗೆ ಮಣೆ, ಮೊಣಕಾಲು ಸೊಂಟಕ್ಕಿಂತ ಮೇಲೆ ಬರುವಂತೆ. ಊಟವಾದ ಮೇಲೆ ಕರುಳು ತಾನಾಗಿ ಚುರುಕಾಗುತ್ತದೆ, ಆಗ ಐದು ನಿಮಿಷ ಕೂರಿಸಿ ಸಾಕು. ಮಗು ಎದ್ದು ಹೋದ ಮೇಲೆ ಫ್ಲಶ್ ಮಾಡಿ. ಆ ಸದ್ದಿಗೆ, ತನ್ನ ಮೈಯಿಂದ ಬಂದದ್ದು ಸುಳಿ ತಿರುಗಿ ಮಾಯವಾಗುವುದಕ್ಕೆ ಎಷ್ಟೋ ಮಕ್ಕಳು ಹೆದರುತ್ತವೆ. ಇನ್ನು, ಮೂಗು ಮುಚ್ಚಿಕೊಂಡು 'ಛೀ, ಇಶ್ಶಿ, ಗಲೀಜು' ಎನ್ನುವ ಚಾಳಿಯನ್ನು ಮನೆಯವರೆಲ್ಲ ಬಿಡಬೇಕು. ಎರಡು ವರ್ಷದ ಮಗು ತನ್ನ ಮೈಗೂ ಅದರಿಂದ ಬಂದದ್ದಕ್ಕೂ ವ್ಯತ್ಯಾಸ ಮಾಡುವುದಿಲ್ಲ. ಅದಕ್ಕೆ 'ಛೀ' ಎಂದರೆ ತನಗೇ ಅಂದಂತೆ. ಸಾಬೂನಿನಿಂದ ಕೈ ತೊಳೆಯುವುದನ್ನು ಮಾತ್ರ ಮೊದಲ ದಿನದಿಂದಲೇ ಕಲಿಸಿ, ನೀವೂ ತೊಳೆಯಿರಿ. ಮಕ್ಕಳ ಮಲದಿಂದ ರೋಗ ಬರುವುದಿಲ್ಲ ಎಂದು ಅದನ್ನು ಚರಂಡಿಗೋ ಹಿತ್ತಲಿಗೋ ಎಸೆಯುವವರಿದ್ದಾರೆ. ಅದರಲ್ಲೂ ರೋಗಾಣುಗಳಿರುತ್ತವೆ, ಅದೂ ಶೌಚಾಲಯಕ್ಕೇ ಹೋಗಬೇಕು.

ಇದನ್ನು ಬರೆಯುವಾಗ ನಮ್ಮ ಬಡಾವಣೆಯಲ್ಲಿ ಏಳುತ್ತಿರುವ ಕಟ್ಟಡದ ಪಕ್ಕದ ತಗಡಿನ ಮನೆಗಳು ಕಣ್ಣ ಮುಂದೆ ಬರುತ್ತವೆ. ಅಲ್ಲಿನ ಮಗು ತನ್ನ ವೇಗದಲ್ಲಿ ಕಲಿಯಲು ಸಿದ್ಧವಿದ್ದರೂ ಹೋಗಿ ಕೂರಲು ಜಾಗವಿಲ್ಲ, ಅದರ ತಾಯಿಗೂ ಇಲ್ಲ. ಕಾಯುವ ತಾಳ್ಮೆಯ ಬಗ್ಗೆ ಮಾತಾಡುವ ನಾವು, ಬಾಗಿಲಿರುವ ಒಂದು ಬಚ್ಚಲು ಅವರಿಗೂ ಸಿಗಲಿ ಎಂದು ಕಟ್ಟಡದ ಯಜಮಾನರನ್ನು ಕೇಳಲೇಬೇಕು.

ಕೊನೆಯದಾಗಿ ರಾತ್ರಿಯ ಪ್ರಶ್ನೆ. ಹಗಲು ಕಲಿತ ಮಗು ರಾತ್ರಿ ಹಾಸಿಗೆ ನೆನೆಸಿದರೆ ಅದು ಕಲಿತದ್ದನ್ನು ಮರೆತಿಲ್ಲ. ರಾತ್ರಿಯದು ಕಲಿಕೆಯ ವಿಷಯವೇ ಅಲ್ಲ. ನಿದ್ದೆಯಲ್ಲಿ ಮೂತ್ರ ಕಡಿಮೆ ಮಾಡುವ ಹಾರ್ಮೋನು ಹೆಚ್ಚು ಸ್ರವಿಸಬೇಕು, ಮೂತ್ರಕೋಶ ತುಂಬಿದ್ದು ಗಾಢ ನಿದ್ದೆಯಲ್ಲೂ ತಿಳಿಯಬೇಕು. ಇದು ಕೆಲವರಿಗೆ ಮೂರಕ್ಕೆ, ಕೆಲವರಿಗೆ ಏಳಕ್ಕೆ. ಐದು ವರ್ಷದ ನೂರು ಮಕ್ಕಳಲ್ಲಿ ಸುಮಾರು 15 ಮಕ್ಕಳು ಹಾಸಿಗೆ ಒದ್ದೆ ಮಾಡುತ್ತಾರೆ, ಐದಕ್ಕಿಂತ ಚಿಕ್ಕವರಾದರೆ ವೈದ್ಯರು ಅದನ್ನು ತೊಂದರೆ ಎಂದೇ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆರು ತಿಂಗಳು ಒಣಗಿದ್ದ ಮಗು ಮತ್ತೆ ಶುರು ಮಾಡಿದರೆ, ವಿಪರೀತ ನೀರಡಿಕೆ, ಉರಿ, ಜ್ವರ ಇದ್ದರೆ ಮಾತ್ರ ತಡ ಮಾಡದೆ ತೋರಿಸಿ. ಅಪ್ಪ ಅಥವಾ ಅಮ್ಮನಿಗೆ ಚಿಕ್ಕಂದಿನಲ್ಲಿ ಹೀಗೆ ಇದ್ದಿದ್ದರೆ ಮಗುವಿಗೂ ಇರುವ ಸಾಧ್ಯತೆ ಬಹಳ ಹೆಚ್ಚು. ಬರೆ ಹಾಕುತ್ತೇನೆಂದು ಹೆದರಿಸುವುದು, ನೆಂಟರ ಮುಂದೆ ಹೇಳಿ ನಗುವುದು, ಇವು ಒಂದು ರಾತ್ರಿಯನ್ನೂ ಒಣಗಿಸಿಲ್ಲ.

ಮಗನಿಗೆ ಐದೂವರೆ ಆಗಿದ್ದಾಗ ದಸರಾ ರಜೆಗೆ ಧಾರವಾಡಕ್ಕೆ ಹೋಗಿದ್ದೆವು. ಬೆಳಿಗ್ಗೆ ಎದ್ದರೆ ಅವನು ಮಂಚದ ಮೂಲೆಯಲ್ಲಿ ಮುದುಡಿ ಕೂತಿದ್ದ, ಅವ್ವ ಹೊದಿಸಿದ್ದ ಕೌದಿ ನಡುವಿನಲ್ಲಿ ಒದ್ದೆ. ಅವ್ವ ಮಾತಿಲ್ಲದೆ ಅದನ್ನು ಎಳೆದುಕೊಂಡು ಮಾಳಿಗೆಗೆ ಹೋದಳು, ಅವನೂ ಹಿಂದೆಯೇ ಹೋದ. ಅದು ನನ್ನ ಅಜ್ಜಿ ಹಳೆಯ ಇಳಕಲ್ ಸೀರೆಗಳನ್ನು ಸೇರಿಸಿ ಹೊಲಿದ ಕೌದಿ, ಅಂಚಿನ ಕೆಂಪು ಮಾಸಿ ಇಟ್ಟಿಗೆಯ ಬಣ್ಣಕ್ಕೆ ಬಂದಿತ್ತು. ಅವ್ವ ನೀರು ಹಿಂಡಿ, ಗೋಡೆಯ ಮೇಲೆ ಬಿಸಿಲಿಗೆ ಹರವಿ, ಮಡಿಕೆಗಳನ್ನು ಕೈಯಿಂದ ಸವರುತ್ತ ಅವನಿಗೆ ಕೇಳುವಂತೆ ಅಂದಳು: "ಈ ಕೌದಿಗೆ ಇದೇನ್ ಹೊಸದಲ್ಲ. ನಿಮ್ಮವ್ವ ಆರು ತುಂಬೋತನಕ ಇದನ್ನ ತೋಯಿಸ್ಯಾಳ."

ಅವನು ಮೆಟ್ಟಿಲ ಬಳಿ ನಿಂತಿದ್ದ ನನ್ನ ಕಡೆ ತಿರುಗಿದ. "ಅಮ್ಮಾನೂ?" ಎಂದು ಕೇಳಿದ.

ಹೌದು ಎಂದೆ. ಅವನು ಕೌದಿಯ ಇನ್ನೊಂದು ತುದಿ ಹಿಡಿದು ಅಜ್ಜಿಯ ಜೊತೆ ಎಳೆದು ನೇರ ಮಾಡತೊಡಗಿದ.